ಪಕ್ಕದ ಮನೆಯ ಮಗುವಿಗೆ ಬಂದ ಜ್ವರ

ಆರು ವರ್ಷದವನಿದ್ದಾಗಿನದು ಎಂದು ನಾನು ನಂಬಿರುವ ಒಂದು ನೆನಪಿದೆ. ಚಾಪೆಯ ಮೇಲೆ ಮಲಗಿದ್ದೇನೆ. ಹೆಂಚಿನ ನಡುವಿನ ಗಾಜಿನ ಬೆಳಕಿಂಡಿಯಿಂದ ಬಿದ್ದ ಒಂದು ಚೌಕ ಬಿಸಿಲು ಗೋಡೆಯಿಂದ ಇಳಿದು, ಗಾರೆ ನೆಲ ದಾಟಿ, ನಿಧಾನವಾಗಿ ನನ್ನ ಮಂಡಿಯ ಕಡೆ ಬರುತ್ತಿದೆ. ಮಂಡಿಗೆ ಉಣ್ಣೆಯ ಬಟ್ಟೆ ಸುತ್ತಿದ್ದಾರೆ. ಆ ಬಿಸಿಲು ಬಂದು ಮುಟ್ಟಿದರೆ ನೋವು ಹೋಗುತ್ತದೆ ಎಂದು ನನಗೆ ಗೊತ್ತು. ಯಾರು ಹೇಳಿದ್ದೋ ತಿಳಿಯದು. ಕಾಲ ಕಡೆ ತಲೆಬಾಗಿಲು, ಎಡಕ್ಕೆ ಅಡುಗೆಮನೆ. ತಲೆಬಾಗಿಲಲ್ಲಿ ಅಮ್ಮ ಗಂಜಿಯ ಪಾತ್ರೆ ಹಿಡಿದು ನಿಂತಿದ್ದಾಳೆ. ಒಳಗೆ ಬರಲು ಯಾರದೋ ಅಪ್ಪಣೆಗೆ ಕಾಯುವವಳ ಹಾಗೆ ನಿಂತಿದ್ದಾಳೆ. ಅಷ್ಟೆ. ಇದರ ಹಿಂದೆ ಏನೂ ಇಲ್ಲ, ಮುಂದೆಯೂ ಏನೂ ಇಲ್ಲ.

ಇಂಥ ನೆನಪುಗಳ ಮೇಲೆ ನನಗೆ ವಿಶ್ವಾಸ ಕಡಿಮೆ. ಯಾರೋ ಹೇಳಿದ ಕಥೆ, ಯಾವುದೋ ಫೋಟೋ, ಜ್ವರದಲ್ಲಿ ಕಂಡ ಕನಸು ಎಲ್ಲ ಸೇರಿ ಹೆಪ್ಪುಗಟ್ಟಿ ನೆನಪಾಗುತ್ತವೆ. ಬಹುಕಾಲ ಇದನ್ನೂ ಹಾಗೇ ಬಿಟ್ಟಿದ್ದೆ. ಇದು ನನ್ನದೇ ಹೌದೋ ಅಲ್ಲವೋ ಎಂದು ನಿಜವಾಗಿ ಕೇಳಿಕೊಳ್ಳಬೇಕಾಗಿ ಬಂದದ್ದು ಎಂ.ಎಸ್ಸಿ. ಓದುವಾಗ, ನನಗೊಂದು ಆರೋಗ್ಯ ವಿಮೆ ಆರಿಸಬೇಕಾದಾಗ.

ಆ ವರ್ಷ ಅಪ್ಪ ನಿವೃತ್ತರಾಗುವವರಿದ್ದರು. ಅಲ್ಲಿಯವರೆಗೆ ನಮ್ಮ ಮನೆಯ ಕಾಯಿಲೆಗಳನ್ನೆಲ್ಲ ಅಪ್ಪನ ಕಚೇರಿ ನೋಡಿಕೊಳ್ಳುತ್ತಿತ್ತು. ನಿವೃತ್ತಿಯಾದ ಮೇಲೆ ಆ ಸೌಲಭ್ಯ ವಯಸ್ಸಿಗೆ ಬಂದ ಮಗನಿಗೆ ಸಿಗುವುದಿಲ್ಲವೆಂದು ಗೊತ್ತಾಯಿತು. ಆಗ ನಾವಿದ್ದ ಎನ್.ಆರ್. ಕಾಲೋನಿಯಲ್ಲಿ ಜೀವವಿಮೆ ಇಲ್ಲದ ಮನೆಯೇ ಇರಲಿಲ್ಲ, ಆದರೆ ಬಾರದ ಕಾಯಿಲೆಗೆ ವರ್ಷ ವರ್ಷ ಹಣ ಕಟ್ಟುವುದು ಇನ್ನೂ ಹೊಸ ಸಂಗತಿ. ಕಾಯಿಲೆಯನ್ನು ನಾವಾಗಿ ಊಟಕ್ಕೆ ಕರೆದ ಹಾಗಲ್ಲವೇ ಎಂದು ಅಮ್ಮ ಗೊಣಗಿದಳು. ಅಪ್ಪ ಮಾತ್ರ ಪಟ್ಟು ಬಿಡಲಿಲ್ಲ.

ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ವಿದ್ಯಾರ್ಥಿಗಳಿಗೆಂದು ಕಾಲೇಜಿನಲ್ಲೇ ಮಾಡಿಸುತ್ತಿದ್ದ ಸಾಮೂಹಿಕ ವಿಮೆ. ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಕೂತವರು ಹೆಸರು ಬರೆದುಕೊಂಡು ಫೋಟೋ ತೆಗೆದುಕೊಳ್ಳುತ್ತಿದ್ದರು. ಬಿದ್ದು ಕೈಕಾಲು ಮುರಿದುಕೊಂಡರೆ ಸ್ವಲ್ಪ ಹಣ ಬರುತ್ತಿತ್ತು, ಓದು ಮುಗಿದ ದಿನ ವಿಮೆಯೂ ಮುಗಿಯುತ್ತಿತ್ತು. ನನ್ನ ಜೊತೆ ಪ್ರಯೋಗಶಾಲೆಯಲ್ಲಿ ಒಂದೇ ಮೇಜು ಹಂಚಿಕೊಂಡಿದ್ದ ಗೆಳೆಯನಿಗೆ ಅದೇ ಸರಿ ಎನ್ನಿಸಿತ್ತು. "ಒಂದು ಪ್ರಶ್ನೆನೂ ಕೇಳಲ್ಲ ಮಗಾ. ನಮ್ ಹಾಸ್ಟೆಲ್ ಮೆಸ್ಸಲ್ಲಿ ಊಟ ಮಾಡಿನೂ ಬದುಕಿದೀಯ ಅಂದ್ರೆ ಇನ್ನೇನು ಪರೀಕ್ಷೆ ಬೇಕು ನಿಂಗೆ?" ಎಂದಿದ್ದ. ಇನ್ನೊಂದು, ಅಪ್ಪ ಹೇಳುತ್ತಿದ್ದದ್ದು: ಈ ವಯಸ್ಸಿನಲ್ಲಿ ತೆಗೆದುಕೊಂಡರೆ ಮುದುಕನಾಗುವ ತನಕ ಮುಂದುವರಿಸಬಹುದಾದ ಸ್ವಂತ ಪಾಲಿಸಿ. ಅದರಲ್ಲಿ ಮಾತ್ರ ಪ್ರಶ್ನೆಗಳಿದ್ದವು.

ಆ ಪ್ರಶ್ನೆಗಳನ್ನು ಹೊತ್ತುಕೊಂಡು ಒಂದು ಭಾನುವಾರ ಮಧ್ಯಾಹ್ನ ವಿಮೆಯ ಏಜೆಂಟರು ಬಂದರು. ಪಕ್ಕದ ರಸ್ತೆಯವರೇ, ಸ್ಕೂಟರಿನ ಮುಂದೆ ಸದಾ ಒಂದು ರೆಕ್ಸಿನ್ ಚೀಲ. ನೆಂಟರಲ್ಲದಿದ್ದರೂ ನಾವೆಲ್ಲ ಅವರನ್ನು ಮಾಮ ಎನ್ನುತ್ತಿದ್ದೆವು. ಕಾಫಿ ಕುಡಿದು, ಫಾರಂ ಬಿಡಿಸಿ, ಇಂಗ್ಲಿಷಿನ ಕಾಯಿಲೆಗಳನ್ನು ಕನ್ನಡಕ್ಕೆ ತಿರುಗಿಸುತ್ತ ಒಂದೊಂದಾಗಿ ಓದತೊಡಗಿದರು. ಸಕ್ಕರೆ ಕಾಯಿಲೆ ಎಂದ ಕೂಡಲೇ ಅಡುಗೆಮನೆಯಿಂದ ಅಮ್ಮ, "ಬಿಡ್ತು ಅನ್ನಿ" ಎಂದಳು. ನಮ್ಮ ಕಡೆ ಕೆಟ್ಟದ್ದರ ಹೆಸರು ಬಾಯಿಗೆ ಬಂದರೆ ಹಿಂದೆಯೇ ಬಿಡ್ತು ಎಂದು ಅದನ್ನು ಹೊರಗೆ ಕಳಿಸಬೇಕು. ಇಂಥ ಮನೆಗಳನ್ನು ಎಷ್ಟೋ ಕಂಡಿದ್ದ ಮಾಮ ತಲೆಯೆತ್ತದೆ ಅದನ್ನು ಓದಿನ ಜೊತೆ ಸೇರಿಸಿಕೊಂಡರು. ಕ್ಷಯ, ಬಿಡ್ತು. ಮೂರ್ಛೆ, ಬಿಡ್ತು. ಮೂತ್ರಪಿಂಡ, ಬಿಡ್ತು. ಪ್ರತಿಯೊಂದಕ್ಕೂ ನನ್ನನ್ನು ಕೇಳದೆಯೇ ಇಲ್ಲ ಎಂದು ಬರೆಯುತ್ತ ಹೋದರು.

"ನನ್ನ ಫಾರಂಗಳನ್ನ ನೋಡಿದ್ರೆ ಇಡೀ ದೇಶದಲ್ಲಿ ನಮ್ಮ ಕಾಲೋನಿಯಷ್ಟು ಆರೋಗ್ಯವಾದ ಜಾಗ ಇನ್ನೊಂದಿಲ್ಲಪ್ಪ" ಎಂದರು. "ಒಬ್ರಿಗೂ ಒಂದು ಕೆಮ್ಮೂ ಇಲ್ಲ."

ಅಪ್ಪ ನಕ್ಕರು. ಆಗ ಮುಂದಿನದು ಬಂತು: ಹೃದಯದ ತೊಂದರೆ, ಚಿಕ್ಕಂದಿನಲ್ಲಿ ಕೀಲುಗಳು ಬಾತು ಬರುವ ರುಮ್ಯಾಟಿಕ್ ಜ್ವರ. ನನ್ನ ಬಾಯಿಂದ ತಾನಾಗಿ ಮಾತು ಬಂತು. ಮಂಡಿ ಬಾತು ಜ್ವರ ಬಂದದ್ದು ನೆನಪಿದೆ, ಚಾಮರಾಜಪೇಟೆಯ ವಠಾರದಲ್ಲಿದ್ದಾಗ, ಎಂದೆ. ಒಗ್ಗರಣೆಯ ಸದ್ದು ನಿಂತಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ನಿನಗಲ್ಲ. ಅದು ಪಕ್ಕದ ಮನೆ ಮಗುಗೆ" ಎಂದಳು.

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಪಕ್ಕದ ಮನೆಯ ಮಗುವಿಗೆ ಜೋರು ಜ್ವರ ಬಂದಿತ್ತು, ನಡೆಯಲಾಗುತ್ತಿರಲಿಲ್ಲ ಎಂಬುದು ಯಾವಾಗಲಾದರೊಮ್ಮೆ ಮನೆಯಲ್ಲಿ ಬರುವ ಮಾತು. ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನ ಹುಡುಗನೊಬ್ಬ ಇದ್ದದ್ದೂ ನಿಜ. ಅವರಪ್ಪನಿಗೆ ವರ್ಗವಾಗಿ ಯಾವಾಗಲೋ ಹುಬ್ಬಳ್ಳಿಗೆ ಹೋಗಿಬಿಟ್ಟಿದ್ದರು. ನನಗೂ ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡಿಸುತ್ತಿದ್ದರಲ್ಲ ಎಂದು ಕೇಳಿದೆ. ಅದು ಶಕ್ತಿಗೆ ಎಂದಳು ಅಮ್ಮ. ಅಪ್ಪ ಪೇಪರು ಮಡಿಸಿದರು, ಮತ್ತೆ ಬಿಚ್ಚಿದರು.

ಮಾಮ ಪೆನ್ನಿನ ಮುಚ್ಚಳ ಹಾಕಿದರು. ಹೌದು ಎಂದು ಬರೆದರೆ ಹೃದಯವನ್ನು ಬಿಟ್ಟು ಮಿಕ್ಕ ದೇಹಕ್ಕೆ ವಿಮೆ ಕೊಡುತ್ತಾರೆ. ಇಲ್ಲ ಎಂದು ಬರೆದು ಮುಂದೆ ಗೊತ್ತಾದರೆ ಯಾವುದಕ್ಕೂ ಕೊಡುವುದಿಲ್ಲ, ಯೋಚಿಸಿ ಹೇಳಿ, ಅವಸರವಿಲ್ಲ ಎಂದು ಎದ್ದರು.

ನನಗೆ ಅವಸರವಿತ್ತು. ವಿಮೆಗಿಂತ ಹೆಚ್ಚಾಗಿ, ಆ ಜ್ವರ ಯಾರದು ಎಂದು ತಿಳಿಯಬೇಕಿತ್ತು. ಕಾಲೇಜಿನ ಮೆಟ್ಟಿಲು ಹತ್ತುವಾಗ ಒಮ್ಮೊಮ್ಮೆ ಎದೆ ಹಾರಿದ ಹಾಗೆ ಆಗುತ್ತಿತ್ತು. ಆಗುತ್ತಿತ್ತೋ, ಅಥವಾ ಆ ಪ್ರಶ್ನೆ ಕೇಳಿದ ಮೇಲೆ ಆಗತೊಡಗಿತೋ, ಈಗ ಖಚಿತವಾಗಿ ಹೇಳಲಾರೆ.

ಮಾರನೆಯ ದಿನ ತರಗತಿ ತಪ್ಪಿಸಿ ಗಾಂಧಿ ಬಜಾರಿನಿಂದ ಚಾಮರಾಜಪೇಟೆಗೆ ನಡೆದೆ. ಹೊಂಗೆಯ ಮರಗಳು ಹೂ ಉದುರಿಸುವ ಕಾಲ. ರಸ್ತೆಯ ಮೇಲೆ ಹಾಸಿದ್ದ ಆ ಬಿಳಿ ನೇರಳೆ ಹೊಟ್ಟಿನ ಮೇಲೆ ಕಾಲಿಟ್ಟರೆ ಸದ್ದೇ ಆಗುತ್ತಿರಲಿಲ್ಲ. ನಾನು ನಡೆಯುತ್ತಿದ್ದೇನೆ ಎನ್ನುವುದಕ್ಕಿಂತ ರಸ್ತೆಯೇ ಮೆಲ್ಲಗೆ ಹಿಂದಕ್ಕೆ ಹೋಗುತ್ತಿದೆ ಎನ್ನಿಸುತ್ತಿತ್ತು. ಅಂಗಡಿಯವರು ಅರ್ಧ ಬಾಗಿಲೆಳೆದು ನಿದ್ದೆ ಹೋಗಿದ್ದರು. ವಠಾರ ಹಾಗೇ ಇತ್ತು, ಅಥವಾ ಇದ್ದ ಹಾಗೇ ಇದೆ ಎಂದು ನನಗೆ ಅನ್ನಿಸಿತು: ಉದ್ದನೆಯ ಅಂಗಳ, ನಡುವೆ ನಲ್ಲಿ, ಎರಡೂ ಬದಿಗೆ ಹೆಂಚಿನ ಮನೆಗಳು. ನಾವಿದ್ದ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೊಸ್ತಿಲಲ್ಲಿ ಒಬ್ಬ ಹೆಂಗಸು ಹೂ ಕಟ್ಟುತ್ತ ಕೂತಿದ್ದಳು.

ಯಾರು ಬೇಕಿತ್ತು ಎಂದು ಕೇಳಿದಳು. ಚಿಕ್ಕಂದಿನಲ್ಲಿ ಇಲ್ಲಿದ್ದೆವು, ಒಮ್ಮೆ ಒಳಗೆ ನೋಡಬಹುದೇ ಎಂದೆ. ಅವಳಿಗೆ ಅದು ವಿಚಿತ್ರವೆನ್ನಿಸಲಿಲ್ಲ. ಹೂವಿನ ಬುಟ್ಟಿ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು. ಒಳಗೆ ಕಾಲಿಟ್ಟು ತಲೆಬಾಗಿಲಿನ ಕಡೆ ತಿರುಗಿ ನಿಂತೆ. ಎಡಕ್ಕೆ ಅಡುಗೆಮನೆ. ಮೇಲೆ ಬೆಳಕಿಂಡಿ. ಗಾಜು ಮಸಿ ಹಿಡಿದಿದ್ದರೂ ನೆಲದ ಮೇಲೆ ಮಸುಕಾದ ಚೌಕವೊಂದು ಬಿದ್ದಿತ್ತು. ಹೊರಗೆ ಬಂದು ನಮ್ಮ ಹಳೆಯ ಮನೆಯ ಕಿಟಕಿಗೆ ಮುಖವಿಟ್ಟು ನೋಡಿದೆ. ಅದು ಇದರ ಕನ್ನಡಿಯಂಥ ಮನೆ. ಅಲ್ಲಿ ತಲೆಬಾಗಿಲಿಗೆ ಮುಖ ಮಾಡಿ ನಿಂತರೆ ಅಡುಗೆಮನೆ ಬಲಕ್ಕೆ ಬರುತ್ತಿತ್ತು.

ಲೆಕ್ಕ ಮುಗಿದಿತ್ತು. ನನ್ನ ನೆನಪಿನ ಮನೆ ನಮ್ಮ ಮನೆಯಲ್ಲ. ಅಮ್ಮ ಬಾಗಿಲಲ್ಲಿ ಹೊರಗಿನವಳ ಹಾಗೆ ನಿಂತಿದ್ದು ಯಾಕೆಂದೂ ತಿಳಿಯಿತು: ಅವಳು ಪಕ್ಕದ ಮನೆಯ ಕಾಯಿಲೆಯ ಹುಡುಗನಿಗೆ ಗಂಜಿ ತಂದಿದ್ದಳು. ಅವಳ ಹಿಂದೆ ಹೋದ ನಾನು ಅವನನ್ನು ನೋಡಿದ್ದೆ. ಆಮೇಲೆ ಎಷ್ಟೋ ಸಲ ನೆನೆದು ನೆನೆದು, ಅವನ ಚಾಪೆಯ ಮೇಲೆ ನಾನೇ ಮಲಗಿಬಿಟ್ಟಿದ್ದೆ. ಮನೆಗೆ ಮರಳುವಾಗ ಹಗುರವಾಗಿದ್ದೆ. ಎದೆ ಹಾರುವುದೂ ನಿಂತ ಹಾಗಿತ್ತು. ಜೊತೆಗೆ ಏನನ್ನೋ ಕಳೆದುಕೊಂಡ ಹಾಗೆಯೂ ಇತ್ತು.

ರಾತ್ರಿ ಊಟಕ್ಕೆ ಕೂತಾಗ, ಇಲ್ಲ ಎಂದೇ ಬರೆಯುತ್ತೇನೆ ಎಂದು ಹೇಳಿದೆ. ಹೇಗೆ ಗೊತ್ತಾಯಿತೆಂದು ವಿವರಿಸಿದೆ. ಅಮ್ಮ ಕೇಳಿಸದವಳ ಹಾಗೆ ಸಾರು ಬಡಿಸಿದಳು. ಅಪ್ಪ ಮಾತ್ರ ಊಟ ಮುಗಿಸಿ ಕೈ ತೊಳೆಯುವಲ್ಲಿಗೆ ನನ್ನ ಹಿಂದೆ ಬಂದರು. "ಬರೆಯೋ ಮುಂಚೆ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬಾ" ಎಂದು ಮೆಲ್ಲಗೆ ಹೇಳಿದರು. "ಅಮ್ಮನ್ನೂ ಕರ್ಕೊಂಡು ಹೋಗು."

ನಮ್ಮ ಹಳೆಯ ಡಾಕ್ಟರು ಆಗಲೂ ಚಾಮರಾಜಪೇಟೆಯಲ್ಲೇ ಇದ್ದರು. ವಯಸ್ಸಾಗಿತ್ತು, ಬೆಳಿಗ್ಗೆ ಮಾತ್ರ ಕೂರುತ್ತಿದ್ದರು. ಅಂಗಿ ತೆಗೆಸಿ, ಸ್ಟೆಥಾಸ್ಕೋಪ್ ಎದೆಗಿಟ್ಟು ಕಣ್ಣು ಮುಚ್ಚಿದರು. ಉಸಿರು ಹಿಡಿ, ಬಿಡು, ಎಡಕ್ಕೆ ತಿರುಗು ಎಂದರು. ತುಂಬ ಹೊತ್ತು ಕೇಳಿದರು. ಅಷ್ಟು ಹೊತ್ತು ಇನ್ನೊಬ್ಬರು ನನ್ನೊಳಗನ್ನು ಕೇಳುತ್ತಿರುವಾಗ ನನಗೆ ಎಲ್ಲೋ ನೀರಿನಡಿ ಇದ್ದ ಹಾಗೆ ಅನ್ನಿಸಿತು. ರಸ್ತೆಯ ಆಟೋಗಳ ಸದ್ದು ಬಹಳ ಮೇಲಿನಿಂದ ಬರುತ್ತಿತ್ತು. ಆಮೇಲೆ ಅವರು ಕಣ್ಣು ತೆರೆದು ನನ್ನನ್ನು ಬಿಟ್ಟು ಅಮ್ಮನ ಕಡೆ ನೋಡಿದರು. ಇವನಿಗೆ ಚಿಕ್ಕಂದಿನಲ್ಲಿ ಕೀಲುಜ್ವರ ಬಂದಿತ್ತಲ್ಲವೇ ಎಂದು ಕೇಳಿದರು.

"ಇವನಿಗಲ್ಲ" ಎಂದಳು ಅಮ್ಮ. "ಪಕ್ಕದ ಮನೆ ಮಗುಗೆ." ಹೇಳುವಾಗ ಅವಳ ಕೈ ನನ್ನ ಮಂಡಿಯ ಮೇಲಿತ್ತು.

ಡಾಕ್ಟರೂ ಅದೇ ಪೇಟೆಯಲ್ಲಿ ಹುಟ್ಟಿ ಬೆಳೆದವರು. ಸ್ಟೆಥಾಸ್ಕೋಪನ್ನು ಮೇಜಿನ ಮೇಲಿಟ್ಟು, ದನಿ ಬದಲಿಸದೆ ಕೇಳಿದರು: "ಆಗ್ಲಿ. ಆ ಮಗುಗೆ ಇಂಜೆಕ್ಷನ್ ಎಲ್ಲಿವರ್ಗೂ ಕೊಡಿಸಿದ್ರಿ?"

"ಮಿಡ್ಲ್ ಸ್ಕೂಲ್ ಮುಗಿಯೋವರ್ಗೂ" ಎಂದಳು ಅಮ್ಮ.

"ತಪ್ಪಿಸ್ಲಿಲ್ಲ ತಾನೆ?"

"ಒಂದು ತಿಂಗ್ಳೂ ತಪ್ಪಿಸ್ಲಿಲ್ಲ ಡಾಕ್ಟ್ರೇ. ಮಳೆ ಇದ್ರೂ ಎತ್ಕೊಂಡು ಬಂದಿದೀನಿ."

"ಒಳ್ಳೇದು ಮಾಡಿದ್ರಿ. ಆ ಮಗು ಚೆನ್ನಾಗಿರ್ತಾನೆ" ಎಂದರು. "ಎದೆಯಲ್ಲಿ ಒಂದು ಸಣ್ಣ ಸದ್ದು ಉಳ್ಕೊಂಡಿದೆ, ಅಷ್ಟೆ."

ಚೀಟಿ ಬರೆದುಕೊಟ್ಟರು. ಹೃದಯದ ಎಕೋ ಪರೀಕ್ಷೆ ಮಾಡಿಸಿದೆವು. ಒಂದು ಕವಾಟದ ಅಂಚು ಸ್ವಲ್ಪ ದಪ್ಪವಾಗಿದೆ, ಓಡಾಡಲು ಏನೂ ಅಡ್ಡಿಯಿಲ್ಲ, ಹಲ್ಲು ಕೀಳಿಸುವಾಗ ಮಾತ್ರ ಹೇಳಿ ಔಷಧಿ ತೆಗೆದುಕೊಳ್ಳಬೇಕು ಎಂದರು. ಅಡುಗೆಮನೆ ಎಡಕ್ಕೋ ಬಲಕ್ಕೋ ಎಂದು ನಾನು ಮಾಡಿದ್ದ ಲೆಕ್ಕ ಸರಿಯಾಗಿತ್ತು, ಉತ್ತರ ತಪ್ಪಾಗಿತ್ತು. ಅದು ಹೇಗೆಂದು ನನಗೆ ಅರ್ಥವಾಗಲಿಲ್ಲ.

ಪರೀಕ್ಷೆ ಮುಗಿಸಿ ಬರುವಾಗ ಆಟೋದಲ್ಲಿ ಅಮ್ಮ ಹೇಳಿದಳು. ನನ್ನ ಕಡೆ ನೋಡದೆ, ಹೊರಗೆ ನೋಡುತ್ತ, ಆಗಲೂ ಬೇರೆ ಯಾರದೋ ಕಥೆ ಹೇಳುವ ಹಾಗೆ. ಜ್ವರ ಇಳಿಯುತ್ತಿರಲಿಲ್ಲ. ಡಾಕ್ಟರು ಎದೆಗೆ ಹೋಗುತ್ತಿದೆ ಎಂದಿದ್ದರು. ಔಷಧಿ ನಡೆದಿತ್ತು. ಅದರ ಜೊತೆಗೆ ಅಜ್ಜಿ ಮಗುವನ್ನು ತೌಡಿಗೆ ಮಾರಿಬಿಡೋಣ ಎಂದಳು. ಹೋಗಲು ಬಂದ ಮಗುವನ್ನು ಬೇರೆಯವರಿಗೆ ಮಾರಿದರೆ ಕರೆಯಲು ಬಂದದ್ದು ಈ ಮನೆಯಲ್ಲಿ ಹುಡುಕಿ ಬರಿಗೈಯಲ್ಲಿ ಹೋಗುತ್ತದೆ. ಪಕ್ಕದ ಮನೆಯಾಕೆ ಒಂದು ಮೊರ ಅಕ್ಕಿ ತೌಡು ಕೊಟ್ಟು ಕೊಂಡುಕೊಂಡರು. ತಮ್ಮ ಮಗನನ್ನು ಅವನ ಅಜ್ಜಿಯ ಮನೆಗೆ ಕಳಿಸಿ ಆ ಚಾಪೆಯ ಮೇಲೆ ಈ ಮಗುವನ್ನು ಮಲಗಿಸಿಕೊಂಡರು. ಜ್ವರ ಇಳಿಯುವ ತನಕ ಅಮ್ಮ ದಿನವೂ ನೆರೆಯವಳ ಹಾಗೆ ಹೋಗಿ, ಬಾಗಿಲಲ್ಲಿ ನಿಂತು, ಒಳಗೆ ಬರಬಹುದಾ ಎಂದು ಕೇಳಿ, ಗಂಜಿ ಕುಡಿಸಿ ಬರುತ್ತಿದ್ದಳು. ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲ.

"ವಾಪಸ್ ತಗೊಂಡಿರ್ಬೇಕಲ್ಲಮ್ಮ" ಎಂದೆ.

ತೆಗೆದುಕೊಂಡಿರಲಿಲ್ಲ. ಜ್ವರ ಇಳಿದ ಮೇಲೆ ಮಗು ಮನೆಗೆ ಬಂತು, ಆದರೆ ತೌಡು ಹಿಂದಿರುಗಿಸಿ ಕೊಂಡುಕೊಳ್ಳುವ ಶಾಸ್ತ್ರಕ್ಕೆ ಒಂದು ವರ್ಷ ಕಾಯಬೇಕೆಂದು ಅಜ್ಜಿ ಹೇಳಿದ್ದಳು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಳು, ಪಕ್ಕದ ಮನೆಯವರಿಗೆ ವರ್ಗವಾಯಿತು. ಅಮ್ಮನಿಗೆ ಒಳಗೊಳಗೇ ಇದೇ ಒಳ್ಳೆಯದೆನ್ನಿಸಿತ್ತಂತೆ. ಮಗು ಅವರದಾಗಿಯೇ ಇರಲಿ, ಇಲ್ಲಿ ಬೆಳೆಯಲಿ. ಈಗ ನೀನು ನಿನ್ನ ಹೆಸರು, ನಿನ್ನ ಅಪ್ಪನ ಹೆಸರು ಬರೆದು, ಅದರ ಕೆಳಗೆ ಆ ಜ್ವರ ನನಗೇ ಬಂದಿತ್ತು ಎಂದು ಸಹಿ ಹಾಕಿದರೆ, ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಕರೆದು ವಿಳಾಸ ಕೊಟ್ಟ ಹಾಗಲ್ಲವೇ ಎಂದಳು. ಕಾಲೇಜಿನ ಆ ವಿಮೆಯನ್ನೇ ಮಾಡಿಸಿಕೋ, ಅವರು ಏನೂ ಕೇಳುವುದಿಲ್ಲವಲ್ಲ ಎಂದಳು.

ನಾನು ವಾದಿಸಬಹುದಿತ್ತು. ಆ ದಿನಗಳಲ್ಲಿ ಯಾರು ಸಿಕ್ಕಿದರೂ ವಾದಿಸುತ್ತಿದ್ದೆ. ಬ್ಯಾಕ್ಟೀರಿಯಾಕ್ಕೆ ವಿಳಾಸ ಬೇಕಿಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆಟೋದ ಗಾಳಿಗೆ ಅವಳ ಕಿವಿಯ ಹಿಂದಿನ ಬಿಳಿ ಕೂದಲು ಹಾರುತ್ತಿತ್ತು. ಅವಳಿಗೆ ಅದು ನಂಬಿಕೆ ಅಪನಂಬಿಕೆಯ ವಿಷಯವಾಗಿರಲಿಲ್ಲ. ಪೆನಿಸಿಲಿನ್ ಇಂಜೆಕ್ಷನ್ ಒಂದು ತಿಂಗಳೂ ತಪ್ಪಿಸದವಳು ಅವಳೇ. ಎರಡೂ ದಾರಿಯನ್ನು ಕಾದು ನನ್ನನ್ನು ಉಳಿಸಿಕೊಂಡಿದ್ದಳು, ಒಂದನ್ನು ಈಗ ಬಿಡು ಎಂದು ನಾನು ಕೇಳುತ್ತಿದ್ದೆ. ಬಿಡು ಎನ್ನುವುದಕ್ಕಿಂತ ಮುಗಿಸೋಣ ಎನ್ನುವುದು ಸುಲಭವೆನ್ನಿಸಿತು.

"ಹಾಗಾದ್ರೆ ಮೊದ್ಲು ನನ್ನನ್ನ ವಾಪಸ್ ಕೊಂಡ್ಕೋ" ಎಂದೆ. "ಆಮೇಲೆ ಬರೀತೀನಿ."

ತಮಾಷೆಗೆ ಹೇಳಿದೆನೋ ನಿಜವಾಗಿಯೋ, ಈಗ ನೆನಪಿಲ್ಲ. ಅಮ್ಮ ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. ಹುಬ್ಬಳ್ಳಿಯಲ್ಲಿ ಎಲ್ಲಿ ಹುಡುಕೋದು ಎಂದಳು. ಕೊಂಡುಕೊಂಡದ್ದು ಆ ಮನೆ, ಮನೆ ಅಲ್ಲೇ ಇದೆಯಲ್ಲ ಎಂದೆ. ಅವಳು ಅದನ್ನು ಎರಡು ದಿನ ಯೋಚಿಸಿದಳು.

ಬುಧವಾರ ಬೆಳಿಗ್ಗೆ ಅಮ್ಮ ನನಗೆ ತಲೆಗೆ ಸ್ನಾನ ಮಾಡಿಸಿ, ಚಾಮರಾಜಪೇಟೆಯಲ್ಲಿ ಹಸುವಿಗೆ ಬೂಸಾ ಮಾರುವ ಅಂಗಡಿಯಲ್ಲಿ ತೌಡು ಕೊಂಡು, ಮನೆಯಿಂದಲೇ ತಂದಿದ್ದ ಮೊರಕ್ಕೆ ಸುರಿದುಕೊಂಡಳು. ಗಡ್ಡ ಬಿಟ್ಟ ನಾನು ಅವಳ ಹಿಂದೆ ವಠಾರದೊಳಗೆ ನಡೆದೆ. ತೌಡಿನ ಸಿಹಿ ಧೂಳಿನ ವಾಸನೆ ಮುಂದೆ ಮುಂದೆ ಹೋಗುತ್ತಿತ್ತು. ನಲ್ಲಿಯ ಹತ್ತಿರ ಇದ್ದವರು ಕೊಡ ತುಂಬಿದ್ದನ್ನೂ ಮರೆತು ನೋಡಿದರು.

ಹೂ ಕಟ್ಟುವ ಹೆಂಗಸು ಎದ್ದು ನಿಂತಳು. ಹೇಗೆ ವಿವರಿಸುವುದೆಂದು ನಾನು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿದ್ದೆ. ಬೇಕಾಗಲಿಲ್ಲ. ಇವನನ್ನು ಈ ಮನೆಗೆ ಮಾರಿದ್ದೆ ಎಂದು ಅಮ್ಮ ಹೇಳಿದ್ದೇ ತಡ, ಅವಳು ಮೊರವನ್ನೂ ನನ್ನನ್ನೂ ನೋಡಿ, "ಬನ್ನಿ ಅಣ್ಣ, ಒಳಗಡೆ ಬಂದು ನಿಂತ್ಕೊಳ್ಳಿ. ಒಳಗಿಂದ ತಾನೆ ಕೊಡ್ಬೇಕು" ಎಂದಳು. ನಾನು ಹೊಸ್ತಿಲು ದಾಟಿ ಒಳಗೆ ನಿಂತೆ. ಅಮ್ಮ ಹೊರಗೆ ನಿಂತು ಮೊರ ಮುಂದೆ ಚಾಚಿದಳು. ಹೆಂಗಸು ತೌಡಿನಲ್ಲಿ ಕೈಯಾಡಿಸಿದಳು.

"ಇಷ್ಟುದ್ದ ಬೆಳ್ಸಿದೀವಿ, ಒಂದೇ ಮೊರನಾ ಅಮ್ಮಾ?" ಎಂದಳು.

ನಲ್ಲಿಯ ಹತ್ತಿರ ನಗು ಎದ್ದಿತು. ಅಮ್ಮ ನಗಲಿಲ್ಲ. ಚೀಲದಲ್ಲಿ ಉಳಿದಿದ್ದ ತೌಡನ್ನೂ ಸುರಿದು, ಅದರ ಮೇಲೆ ಒಂದು ರವಿಕೆ ಕಣ, ಎಲೆ ಅಡಿಕೆ, ಬಾಳೆಹಣ್ಣು ಇಟ್ಟಳು. ಮೊರವನ್ನು ಹಣೆಗೆ ಮುಟ್ಟಿಸಿ ಮತ್ತೆ ಮುಂದೆ ಚಾಚಿದಳು. ಅದನ್ನು ಕಂಡು ಆ ಹೆಂಗಸೂ ಮುಖದ ನಗು ತೆಗೆದಳು. ಮೊರ ತೆಗೆದುಕೊಂಡು ಒಳಗಿಟ್ಟು ಬಂದು, ನನ್ನ ಬೆನ್ನಿಗೆ ಅಂಗೈಯಿಟ್ಟು ಮೆಲ್ಲಗೆ ಹೊರಕ್ಕೆ ನೂಕಿದಳು. "ಕರ್ಕೊಂಡು ಹೋಗಿ. ನಿಮ್ಮದೇ ಮಗು."

ಮಾಮ ಫಾರಂ ತಂದಾಗ ಆ ಪ್ರಶ್ನೆಯ ಮುಂದೆ ಹೌದು ಎಂದು ನಾನೇ ಬರೆದೆ. ಹೃದಯ ಮತ್ತು ಅದಕ್ಕೆ ಸಂಬಂಧಿಸಿದ ಯಾವುದಕ್ಕೂ ಅನ್ವಯವಿಲ್ಲ ಎಂಬ ಒಂದು ಸಾಲು ಸೇರಿಸಿ ಪಾಲಿಸಿ ಬಂತು. ಈಗಲೂ ಅದನ್ನೇ ಮುಂದುವರಿಸುತ್ತಿದ್ದೇನೆ. ಗೆಳೆಯರಿಗೆ ಇದನ್ನು ಹೇಳಿದಾಗಲೆಲ್ಲ ಆ ಹೆಂಗಸಿನ ಮಾತು ಸ್ವಲ್ಪ ಬದಲಾಗುತ್ತದೆ, ಸೀರೆಯ ಬಣ್ಣವೂ. ಬುಧವಾರವೇ ಹೌದೋ ಎಂದು ಕೇಳಿದರೆ ಆಣೆ ಮಾಡಲಾರೆ.

ಆ ಬೆಳಿಗ್ಗೆ ವಠಾರದಿಂದ ಹೊರಬಂದ ಮೇಲೆ ಅಮ್ಮ ಆಟೋ ಬೇಡವೆಂದಳು. ರಸ್ತೆ ದಾಟುವಾಗ ನನ್ನ ಮಣಿಕಟ್ಟು ಹಿಡಿದವಳು ದಾಟಿದ ಮೇಲೂ ಬಿಡಲಿಲ್ಲ. ಬಸವನಗುಡಿಯ ಕಡೆ ತಿರುಗಿದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದು, "ನಿನಗೆ ಜ್ವರ ಬಂದಿದ್ದಾಗ" ಎಂದು ಶುರುಮಾಡಿದಳು. ನಿನ್ನ ಮಂಡಿ ಹೇಗೆ ಬಾತಿತ್ತು, ಗಂಜಿ ಬೇಡವೆಂದು ನೀನು ಹೇಗೆ ತುಟಿ ಬಿಗಿದುಕೊಳ್ಳುತ್ತಿದ್ದೆ, ಇಂಜೆಕ್ಷನ್ ದಿನ ಡಾಕ್ಟರ ಮೇಜಿನ ಕೆಳಗೆ ನೀನು ಹೇಗೆ ಬಚ್ಚಿಟ್ಟುಕೊಂಡಿದ್ದೆ ಎಂದು ಮನೆ ಬರುವ ತನಕ ಹೇಳುತ್ತಲೇ ಇದ್ದಳು. ಅದರಲ್ಲಿ ಒಂದೂ ನನಗೆ ನೆನಪಿರಲಿಲ್ಲ. ಎಲ್ಲಕ್ಕೂ ಹೂಂ ಎಂದೆ.